ಮೆಲ್ಬರ್ನ್ ಪ್ರೈಮರಿ ಶಾಲೆಯ ಸ್ಪೆಷಲಿಸ್ಟ್ ಕ್ಲಾಸುಗಳು: ಟೈಮ್‌ಟೇಬಲ್ ಹಿಂದಿನ ಲೆಕ್ಕ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಸರ್ಕಾರಿ ಪ್ರೈಮರಿ ಶಾಲೆಗೆ ಮಗುವನ್ನು ಸೇರಿಸಿದ ಕನ್ನಡದ ಅಪ್ಪ-ಅಮ್ಮಂದಿರು ಮೊದಲ ಟರ್ಮ್‌ನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಆಟ, ಚಿತ್ರಕಲೆ, ಸಂಗೀತ, ಜಪಾನೀಸ್ ಎಲ್ಲವನ್ನೂ ಮಂಗಳವಾರ ಒಂದೇ ದಿನಕ್ಕೆ ಯಾಕೆ ತುರುಕಿದ್ದಾರೆ? ಪಕ್ಕದ ಬಡಾವಣೆಯ ಶಾಲೆಯಲ್ಲಿ ಇಟಾಲಿಯನ್ ಇದೆ, ನಮ್ಮಲ್ಲಿ ಯಾಕೆ ಸನ್ನೆ ಭಾಷೆ? ಮೂರು ವರ್ಷ ಇಂಡೋನೇಷ್ಯನ್ ಕಲಿತ ಮಗು ಹತ್ತರವರೆಗೆ ಎಣಿಸಿ, ಒಂದು ಹಾಡು ಹೇಳಿ ಸುಮ್ಮನಾಗುತ್ತದಲ್ಲ, ಇಷ್ಟೇನಾ?

ಇದಕ್ಕೆಲ್ಲ ಉತ್ತರವನ್ನು ಪಠ್ಯಕ್ರಮದಲ್ಲಿ ಹುಡುಕಿದರೆ ಸಿಗುವುದಿಲ್ಲ. ಟೀಚರ್‌ಗಳ ಕೆಲಸದ ಒಪ್ಪಂದದಲ್ಲಿ ಹುಡುಕಿದರೆ ಸಿಗುತ್ತದೆ.

ಮೊದಲು ವ್ಯವಸ್ಥೆ ಹೇಗಿದೆ ಅಂತ ಹೇಳಿಬಿಡುತ್ತೇನೆ. ಇಲ್ಲಿನ ಪ್ರೈಮರಿ ಅಂದರೆ ಪ್ರೆಪ್‌ನಿಂದ (ಒಂದನೇ ತರಗತಿಗೆ ಮುಂಚಿನ ವರ್ಷ) ಆರನೇ ತರಗತಿಯವರೆಗೆ, ಒಟ್ಟು ಏಳು ವರ್ಷ. ಓದು, ಬರಹ, ಗಣಿತ, ವಿಜ್ಞಾನ, ಸಮಾಜ ಇದೆಲ್ಲ ಒಬ್ಬರೇ ಕ್ಲಾಸ್ ಟೀಚರ್ ಕೈಯಲ್ಲಿ. ನಮ್ಮೂರಿನ ಹೈಸ್ಕೂಲಿನ ಹಾಗೆ ಗಂಟೆಗೊಬ್ಬರು ಬಂದು ಹೋಗುವುದಿಲ್ಲ. ವಾರಕ್ಕೆ ಮೂರೋ ನಾಲ್ಕೋ ಗಂಟೆ ಮಾತ್ರ ಮಕ್ಕಳು ಬೇರೆ ಟೀಚರ್ ಹತ್ತಿರ ಹೋಗುತ್ತಾರೆ. ಇವನ್ನೇ ಸ್ಪೆಷಲಿಸ್ಟ್ ಕ್ಲಾಸು ಅನ್ನುವುದು. ಪಿ.ಇ., ಅಂದರೆ ದೈಹಿಕ ಶಿಕ್ಷಣ, ಒಂದು. ಆರ್ಟ್ ಒಂದು. ಒಂದು ಭಾಷೆ. ನಾಲ್ಕನೆಯದು ಸಂಗೀತವೋ, ನಾಟಕವೋ, ಸ್ಟೆಮ್ ಹೆಸರಿನ ವಿಜ್ಞಾನ-ತಂತ್ರಜ್ಞಾನವೋ, ಕೆಲವು ಕಡೆ ಅಡುಗೆ ಮತ್ತು ಕೈತೋಟವೋ ಆಗಿರುತ್ತದೆ. ಈ ಅಡುಗೆ-ತೋಟದ ಯೋಜನೆ ಶುರುವಾದದ್ದೂ ಮೆಲ್ಬರ್ನ್‌ನಲ್ಲೇ. 2001ರಲ್ಲಿ ಕಾಲಿಂಗ್‌ವುಡ್ ಕಾಲೇಜಿನಲ್ಲಿ, ಸ್ಟೆಫನಿ ಅಲೆಕ್ಸಾಂಡರ್ ಎಂಬ ಹೆಸರಾಂತ ಅಡುಗೆಯವರು ಅದನ್ನು ಶುರುಮಾಡಿದರು. ಹೆಸರು ಕಾಲೇಜಾದರೂ ಅಲ್ಲಿ ಪ್ರೆಪ್ ಮಕ್ಕಳೂ ಇದ್ದಾರೆ.

ಈಗ ಲೆಕ್ಕಕ್ಕೆ ಬರೋಣ. ವಿಕ್ಟೋರಿಯಾದಲ್ಲಿ ಮಕ್ಕಳಿಗೆ ವಾರಕ್ಕೆ ಕನಿಷ್ಠ 25 ಗಂಟೆ ಪಾಠ ಆಗಬೇಕು ಅನ್ನುವುದು ನಿಯಮ. ಆದರೆ ಪೂರ್ಣಾವಧಿ ಪ್ರೈಮರಿ ಟೀಚರ್ ಒಬ್ಬರು ಮಕ್ಕಳ ಎದುರು ನಿಂತು ಪಾಠ ಮಾಡುವ ಸಮಯಕ್ಕೆ ಒಂದು ಮಿತಿ ಇದೆ. ಅದು ಹಿಂದೆ 22.5 ಗಂಟೆ ಇತ್ತು. 2022ರ ಒಪ್ಪಂದದಲ್ಲಿ ಅದನ್ನು ಎರಡು ಹಂತದಲ್ಲಿ ಇಳಿಸಿದರು, 2023ಕ್ಕೆ 21.5, 2024ಕ್ಕೆ 21. ಉಳಿದ ಸಮಯ ಪಾಠದ ತಯಾರಿಗೆ, ತಿದ್ದುವುದಕ್ಕೆ, ಬೇರೆ ಟೀಚರ್‌ಗಳ ಜೊತೆ ಕೂತು ಯೋಚಿಸುವುದಕ್ಕೆ.

ಅಂದರೆ 25ರಲ್ಲಿ 21 ಕಳೆದರೆ 4 ಗಂಟೆ ಉಳಿಯಿತು. ಆ ನಾಲ್ಕು ಗಂಟೆ ಮಕ್ಕಳನ್ನು ಮನೆಗೆ ಕಳಿಸುವ ಹಾಗಿಲ್ಲ, ಕ್ಲಾಸ್ ಟೀಚರ್ ಪಾಠ ಮಾಡುವ ಹಾಗೂ ಇಲ್ಲ, ಹಾಗಾಗಿ ಆ ಹೊತ್ತಿನಲ್ಲಿ ಬೇರೆ ಯಾರೋ ಒಬ್ಬರು ಅವರನ್ನು ನೋಡಿಕೊಳ್ಳಲೇಬೇಕು, ಸುಮ್ನೆ ನೋಡಿಕೊಂಡರೆ ಸಾಲದು, ಅದು ಪಾಠವೂ ಆಗಿರಬೇಕು. ಆ ಖಾಲಿ ಜಾಗದಲ್ಲೇ ಪಿ.ಇ., ಆರ್ಟ್, ಭಾಷೆ, ಸಂಗೀತ ಎಲ್ಲವೂ ಕೂತಿರುವುದು. ಹಳೆಯ ಮಿತಿಯಲ್ಲಿ ಖಾಲಿ ಇದ್ದದ್ದು ಎರಡೂವರೆ ಗಂಟೆ. 50 ನಿಮಿಷದ ಮೂರು ಕ್ಲಾಸು ಹಾಕಿದರೆ ಅದು ತುಂಬಿಬಿಡುತ್ತಿತ್ತು. ನಿಮ್ಮ ಶಾಲೆಯಲ್ಲಿ ಮೂರು ಇದ್ದದ್ದು ಇದ್ದಕ್ಕಿದ್ದಂತೆ ನಾಲ್ಕಾಗಿದ್ದರೆ, ಪ್ರಿನ್ಸಿಪಾಲರಿಗೆ ಸಂಗೀತದ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿದೆ ಅಂತಲೇ ಅಂದುಕೊಳ್ಳಬೇಕಿಲ್ಲ.

ಇದನ್ನು ಕೇಳಿ ಕೆಲವರಿಗೆ ಬೇಜಾರಾಗುತ್ತದೆ. ಓಹೋ, ಟೀಚರ್‌ಗೆ ಬಿಡುವು ಕೊಡಲಿಕ್ಕೆ ಮಾಡಿದ ಏರ್ಪಾಡಾ ಇದು ಅಂತ. ನನ್ನ ಅಭಿಪ್ರಾಯ ಬೇರೆ. ಕಲೆಯನ್ನೂ ಆಟವನ್ನೂ ಯಾರ ಒಳ್ಳೆಯತನಕ್ಕೂ ಬಿಡದೆ ಕಾಪಾಡುತ್ತಿರುವುದು ಈ ಏರ್ಪಾಡೇ. ನಾವು ಓದುವಾಗ ಪಿ.ಟಿ. ಪೀರಿಯಡ್ ಏನಾಗುತ್ತಿತ್ತು ನೆನಪಿದೆಯಲ್ವಾ? ಪೋರ್ಷನ್ ಮುಗಿದಿಲ್ಲ ಅಂತ ಗಣಿತದ ಮೇಷ್ಟ್ರು ಬಂದು ಕೂರುತ್ತಿದ್ದರು. ಇಲ್ಲಿ ಹಾಗೆ ಕೂರಬೇಕಾದರೆ ಕ್ಲಾಸ್ ಟೀಚರ್ ತಮ್ಮದೇ ತಯಾರಿಯ ಸಮಯ ಬಿಟ್ಟುಕೊಡಬೇಕು. ಯಾರು ಬಿಡುತ್ತಾರೆ?

ಭಾರತದ ಕಾನೂನು ಏನು ಹೇಳುತ್ತದೆ ಅನ್ನುವುದನ್ನೂ ಇಲ್ಲೇ ನೋಡಿಬಿಡಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ವೃತ್ತಿ ಶಿಕ್ಷಣ ಈ ಮೂರಕ್ಕೆ ಅರೆಕಾಲಿಕ ಬೋಧಕರು ಇರಬೇಕು ಅಂತಿದೆ. ಆದರೆ ಅದು 6ರಿಂದ 8ನೇ ತರಗತಿಗೆ, ಅದೂ 100ಕ್ಕಿಂತ ಜಾಸ್ತಿ ಮಕ್ಕಳಿದ್ದರೆ. ಒಂದರಿಂದ ಐದರವರೆಗಿನ ಮಕ್ಕಳಿಗೆ ಅಂಥ ಸಾಲೇ ಅಲ್ಲಿಲ್ಲ. ಊರಿನಲ್ಲಿ ಚಿಕ್ಕ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುವವರು ಸಿಕ್ಕರೆ ಅದು ಆ ಶಾಲೆಯ ಅದೃಷ್ಟ.

ಎಲ್ಲ ಒಂದೇ ದಿನ ಯಾಕೆ ಅನ್ನುವುದಕ್ಕೂ ಉತ್ತರ ಈ ನಾಲ್ಕು ಗಂಟೆಯಲ್ಲೇ ಇದೆ. ಒಂದು ಶಾಲೆಯಲ್ಲಿ ಎರಡನೇ ತರಗತಿಯ ನಾಲ್ಕು ಸೆಕ್ಷನ್ ಇವೆ ಅಂತಿಟ್ಟುಕೊಳ್ಳಿ. ಆ ನಾಲ್ಕೂ ಟೀಚರ್‌ಗಳು ಒಟ್ಟಿಗೆ ಕೂತು ಮುಂದಿನ ವಾರದ ಪಾಠ ತಯಾರಿಸಬೇಕು ಅಂದರೆ ನಾಲ್ಕೂ ಸೆಕ್ಷನ್ ಒಂದೇ ಹೊತ್ತಿಗೆ ಹೊರಗೆ ಹೋಗಬೇಕು. ಒಂದು ಸೆಕ್ಷನ್ ಜಿಮ್‌ಗೆ, ಒಂದು ಆರ್ಟ್ ರೂಮಿಗೆ, ಒಂದು ಭಾಷೆಗೆ, ಒಂದು ಸಂಗೀತಕ್ಕೆ. ಗಂಟೆ ಹೊಡೆದರೆ ಅದಲು ಬದಲು. ಸಂಜೆಯ ಹೊತ್ತಿಗೆ ಎಲ್ಲರದ್ದೂ ಎಲ್ಲ ಮುಗಿದಿರುತ್ತದೆ. ಟೀಚರ್‌ಗಳ ಮಟ್ಟಿಗೆ ಇದು ತುಂಬ ಒಳ್ಳೆಯದು. ಮಕ್ಕಳಿಗೆ ಆ ದಿನ ಸ್ವಲ್ಪ ಹಬ್ಬ, ಸ್ವಲ್ಪ ಸುಸ್ತು. ಭಾಷೆಗಂತೂ ಇದು ಒಳ್ಳೆಯದಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನೊಂದು ಸಣ್ಣ ತಮಾಷೆ ಇದೆ. ನಿಮ್ಮ ಮಗುವಿನ ಸ್ಪೆಷಲಿಸ್ಟ್ ದಿನ ಸೋಮವಾರವಾದರೆ ವರ್ಷದಲ್ಲಿ ನಾಲ್ಕಾರು ಕ್ಲಾಸು ಹೋಯಿತು ಅಂತಲೇ ಲೆಕ್ಕ. ಮಾರ್ಚ್‌ನ ಲೇಬರ್ ಡೇ ಸೋಮವಾರ, ಜೂನ್‌ನ ರಾಜನ ಹುಟ್ಟುಹಬ್ಬದ ರಜೆಯೂ ಸೋಮವಾರ, ಟೀಚರ್‌ಗಳ ತರಬೇತಿಗೆ ಅಂತ ಕೊಡುವ ರಜೆಯನ್ನೂ ಎಷ್ಟೋ ಶಾಲೆಗಳು ಸೋಮವಾರಕ್ಕೋ ಶುಕ್ರವಾರಕ್ಕೋ ಅಂಟಿಸುತ್ತವೆ. ಮಂಗಳವಾರದವರಿಗೆ ನವೆಂಬರ್‌ನಲ್ಲಿ ಕುದುರೆ ರೇಸಿನ ರಜೆ ಇದೆ, ಮೆಲ್ಬರ್ನ್ ಕಪ್. ಬುಧವಾರದ ಪ್ರೆಪ್ ಮಕ್ಕಳಿಗೆ ಫೆಬ್ರವರಿಯೇ ಇಲ್ಲ, ಯಾಕಂದರೆ ಆ ತಿಂಗಳು ಅನೇಕ ಶಾಲೆಗಳಲ್ಲಿ ಬುಧವಾರ ಅವರಿಗೆ ಶಾಲೆ ಇರುವುದಿಲ್ಲ. ಅವತ್ತು ಒಬ್ಬೊಬ್ಬರನ್ನೇ ಕರೆಸಿ ಎಷ್ಟು ಗೊತ್ತು ಅಂತ ನೋಡುತ್ತಾರೆ.

ಈಗ ಸ್ಪೆಷಲಿಸ್ಟ್ ಟೀಚರ್ ಕಡೆಯಿಂದ ನೋಡೋಣ. ಇವರಿಗೂ 21 ಗಂಟೆಯ ಮಿತಿಯೇ. ಗಂಟೆಗೊಂದು ಕ್ಲಾಸಿನಂತೆ ವಾರಕ್ಕೆ 21 ಕ್ಲಾಸು. ಪ್ರತಿ ಕ್ಲಾಸಿಗೆ 23 ಮಕ್ಕಳು ಅಂದರೂ 480ಕ್ಕಿಂತ ಜಾಸ್ತಿ ಮಕ್ಕಳಾಯಿತು. ಅಷ್ಟು ಹೆಸರು, ಅಷ್ಟು ಮುಖ, ಜೂನ್‌ನಲ್ಲೂ ಡಿಸೆಂಬರ್‌ನಲ್ಲೂ ಅಷ್ಟು ರಿಪೋರ್ಟು. ಆರ್ಟ್ ಅಥವಾ ಪಿ.ಇ. ಬಗ್ಗೆ ಮಗುವಿನ ರಿಪೋರ್ಟಿನಲ್ಲಿ ಎರಡೇ ಸಾಲು ಇದೆ, ಅದೂ ಎಲ್ಲ ಮಕ್ಕಳಿಗೂ ಒಂದೇ ಥರ ಇದೆ ಅಂತ ದೂರುವ ಮುಂಚೆ ಈ ಸಂಖ್ಯೆ ನೆನಪಿರಲಿ. ಇವರ ಬಲ ಬೇರೆ ಕಡೆ ಇದೆ. ಕ್ಲಾಸ್ ಟೀಚರ್ ವರ್ಷಕ್ಕೊಬ್ಬರು ಬದಲಾಗುತ್ತಾರೆ. ಆರ್ಟ್ ಟೀಚರ್ ಮಾತ್ರ ಅವರೇ ಇರುತ್ತಾರೆ, ಪ್ರೆಪ್‌ನಲ್ಲಿ ಕತ್ತರಿ ಹಿಡಿಯಲು ಬಾರದ ಮಗುವನ್ನು ಆರನೇ ತರಗತಿಯವರೆಗೂ ನೋಡಿರುತ್ತಾರೆ. ಪೇರೆಂಟ್-ಟೀಚರ್ ಮೀಟಿಂಗ್‌ಗೆ ಹೋದಾಗ ಎಲ್ಲರೂ ಕ್ಲಾಸ್ ಟೀಚರ್ ಹತ್ತಿರ ಮಾತ್ರ ಸಾಲುಗಟ್ಟುತ್ತಾರೆ. ಸ್ಪೆಷಲಿಸ್ಟ್‌ಗಳನ್ನು ಒಮ್ಮೆ ಮಾತಾಡಿಸಿ ನೋಡಿ. ತುಂಬ ಮಾತಾಡದ ಮಗುವಿನ ಬಗ್ಗೆಯಂತೂ ಅವರಿಗೆ ಬೇರೆಯವರಿಗೆ ಗೊತ್ತಿಲ್ಲದ್ದು ಗೊತ್ತಿರುವ ಸಾಧ್ಯತೆ ಇದೆ.

ಚಿಕ್ಕ ಶಾಲೆಗಳ ಕಥೆ ಬೇರೆ. 21 ಕ್ಲಾಸಿನ ದೊಡ್ಡ ಶಾಲೆಗೆ ವಾರಕ್ಕೆ 84 ಸ್ಪೆಷಲಿಸ್ಟ್ ಗಂಟೆ ಬೇಕು, ಸರಿಯಾಗಿ ನಾಲ್ಕು ಜನ. ಐದೇ ಕ್ಲಾಸಿನ ಶಾಲೆಗೆ ಬೇಕಾದದ್ದು 20 ಗಂಟೆ, ಅಂದರೆ ಒಬ್ಬರೇ ಒಬ್ಬರು. ಆ ಒಬ್ಬರೇ ಬೆಳಿಗ್ಗೆ ಚೆಂಡು ಹಿಡಿಯುವುದು, ಮಧ್ಯಾಹ್ನ ಜೇಡಿಮಣ್ಣು ಕಲಸುವುದು ಎರಡನ್ನೂ ಹೇಳಿಕೊಡಬೇಕು. ಇಲ್ಲವಾದರೆ ವಾರಕ್ಕೊಂದು ದಿನ ಬರುವ ಅರೆಕಾಲಿಕ ಟೀಚರ್‌ಗಳನ್ನು ಹುಡುಕಬೇಕು. ಹಳ್ಳಿಗಾಡಿನ ಪುಟ್ಟ ಶಾಲೆಗಳಿಗಾಗಿ ವಿಕ್ಟೋರಿಯಾದಲ್ಲಿ ಒಂದು ಹಳೆಯ ಏರ್ಪಾಡು ಇದೆ, ಮಾರ್ಕ್ ಮತ್ತು ಮ್ಯಾಕ್ ಅಂತ. ಮೊದಲನೆಯದು ಲೈಬ್ರರಿಗೆ, ಎರಡನೆಯದು ಕಲೆ ಮತ್ತು ಕರಕುಶಲಕ್ಕೆ. ಟೀಚರ್ ಒಬ್ಬರು ವ್ಯಾನಿನಲ್ಲಿ ಪುಸ್ತಕವನ್ನೋ ಬಣ್ಣ-ಕಾಗದವನ್ನೋ ತುಂಬಿಕೊಂಡು ಶಾಲೆಯಿಂದ ಶಾಲೆಗೆ ಹೋಗುತ್ತಾರೆ. ನನಗೆ ಈ ಇಡೀ ವ್ಯವಸ್ಥೆಯಲ್ಲಿ ತುಂಬ ಇಷ್ಟವಾದದ್ದು ಇದೇ. ಕೊಡಗಿನಲ್ಲೋ ಮಲೆನಾಡಿನಲ್ಲೋ ಹತ್ತಿಪ್ಪತ್ತು ಮಕ್ಕಳಿರುವ ಶಾಲೆಗಳಿಗೆ ಇಂಥದ್ದೊಂದು ವ್ಯಾನು ಯಾಕೆ ಓಡಾಡಬಾರದು ಅಂತ ಅನಿಸದೇ ಇರುವುದಿಲ್ಲ.

ವಿಷಯಗಳಿಗೆ ಬಂದರೆ, ಈ ಒಂದು ಗಂಟೆಯ ಪದ್ಧತಿ ಚೆನ್ನಾಗಿ ಹೊಂದುವುದು ಪಿ.ಇ.ಗೆ. ಇಲ್ಲಿನ ಪಿ.ಇ. ಅಂದರೆ ಮಕ್ಕಳನ್ನು ಮೈದಾನಕ್ಕೆ ಬಿಟ್ಟು ವಿಷಲ್ ಊದುವುದಲ್ಲ. ವಿಕ್ಟೋರಿಯಾದ ಶಿಕ್ಷಣ ಇಲಾಖೆ 1996ರಲ್ಲಿ ಟೀಚರ್‌ಗಳಿಗೆ ಅಂತ ಒಂದು ಕೈಪಿಡಿ ತಂದಿತು. ಅದರಲ್ಲಿ 11 ಮೂಲ ಕೌಶಲಗಳಿವೆ. ಓಡುವುದು, ನಿಂತಲ್ಲೇ ಮೇಲಕ್ಕೆ ಹಾರುವುದು, ಚೆಂಡು ಹಿಡಿಯುವುದು, ತೋಳೆತ್ತಿ ಎಸೆಯುವುದು, ಒದೆಯುವುದು, ತಪ್ಪಿಸಿಕೊಳ್ಳುವುದು, ಹೀಗೆ. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡುತ್ತಾರೆ. ಎಸೆಯುವಾಗ ಮಗು ಪಕ್ಕಕ್ಕೆ ತಿರುಗಿ ನಿಂತಿದೆಯಾ, ಎದುರು ಕಾಲು ಮುಂದೆ ಇಡುತ್ತದಾ, ಸೊಂಟ ಮೊದಲು ತಿರುಗಿ ಆಮೇಲೆ ಭುಜ ಬರುತ್ತದಾ ಅಂತ. ಒಂದು ಕೌಶಲ ಸರಿಯಾಗಿ ಕೈಗೆ ಹತ್ತಲು 240ರಿಂದ 600 ನಿಮಿಷದ ಪಾಠ ಬೇಕು ಅನ್ನುವುದು ಇಲ್ಲಿನ ಪಿ.ಇ. ಟೀಚರ್‌ಗಳು ಹೇಳುವ ಅಂದಾಜು. ಹನ್ನೊಂದಕ್ಕೂ ಸೇರಿಸಿದರೆ 44ರಿಂದ 110 ಗಂಟೆ. ವಾರಕ್ಕೆ ಒಂದು ಗಂಟೆ, ವರ್ಷಕ್ಕೆ 40 ವಾರ ಅಂದರೆ ಪ್ರೆಪ್, ಒಂದು, ಎರಡು ಈ ಮೂರು ವರ್ಷದಲ್ಲಿ 120 ಗಂಟೆ ಸಿಗುತ್ತದೆ. ಲೆಕ್ಕ ಕೂಡುತ್ತದೆ ನೋಡಿ. ಕೈಗೆ ಹತ್ತಿದ ಮೇಲೆ ಅದು ಕ್ರಿಕೆಟ್ಟಿಗೂ ಆಗುತ್ತದೆ, ನೆಟ್‌ಬಾಲಿಗೂ ಆಗುತ್ತದೆ, ಇಲ್ಲಿನ ಫುಟಿಗೂ (ಆಸ್ಟ್ರೇಲಿಯಾದ ಫುಟ್‌ಬಾಲ್) ಆಗುತ್ತದೆ.

ಆದರೆ ನಿಯಮದಲ್ಲಿ ಇರುವುದು ಇದಕ್ಕಿಂತ ಜಾಸ್ತಿ. 1993ರಲ್ಲಿ ಮ್ಯಾರಥಾನ್ ಓಟಗಾರ ಸ್ಟೀವ್ ಮೊನೆಗೆಟ್ಟಿ ಮುಂದಾಳತ್ವದ ಸಮಿತಿಯೊಂದು ಶಾಲೆಗಳ ಆಟೋಟವನ್ನು ಪರಿಶೀಲಿಸಿತು. ಈಗಿನ ನಿಯಮದ ಪ್ರಕಾರ ಪ್ರೆಪ್‌ನಿಂದ ಮೂರನೇ ತರಗತಿಯವರೆಗೆ ದಿನಕ್ಕೆ 20ರಿಂದ 30 ನಿಮಿಷ ಪಿ.ಇ. ಆಗಬೇಕು. ನಾಲ್ಕರಿಂದ ಆರರವರೆಗೆ ಪಿ.ಇ. ಮತ್ತು ಆಟ ಸೇರಿ ವಾರಕ್ಕೆ 3 ಗಂಟೆ, ಅದರಲ್ಲಿ ಅರ್ಧವಾದರೂ ಪಿ.ಇ. ಸ್ಪೆಷಲಿಸ್ಟ್ ಒಂದು ಗಂಟೆ ತೆಗೆದುಕೊಂಡರೆ ಉಳಿದದ್ದನ್ನು ಕ್ಲಾಸ್ ಟೀಚರೇ ತುಂಬಬೇಕು. ಪಾಠದ ಮಧ್ಯೆ ಎದ್ದು ಓವಲ್ (ಆಟದ ಮೈದಾನ) ಸುತ್ತ ಎರಡು ಸುತ್ತು ಓಡಿಸುತ್ತಾರಲ್ಲ, ಅದು ಇದಕ್ಕೇ. ದೊಡ್ಡ ತರಗತಿಗಳಲ್ಲಿ ಬೇರೆ ಶಾಲೆಗಳ ಜೊತೆಗಿನ ಪಂದ್ಯಗಳು ಈ ಲೆಕ್ಕಕ್ಕೆ ಬರುತ್ತವೆ. ಕ್ರಾಸ್ ಕಂಟ್ರಿ, ಅಥ್ಲೆಟಿಕ್ಸ್, ಈಜಿನಲ್ಲಿ ಗೆದ್ದವರು ಡಿಸ್ಟ್ರಿಕ್ಟ್, ಡಿವಿಷನ್, ರೀಜನ್ ದಾಟಿ ರಾಜ್ಯ ಮಟ್ಟಕ್ಕೆ ಹೋಗಬಹುದು.

ಈಜನ್ನು ಮಾತ್ರ ಹಗುರವಾಗಿ ತಗೋಬೇಡಿ. ಪ್ರೈಮರಿ ಮುಗಿಯುವ ಹೊತ್ತಿಗೆ ಮಗು 50 ಮೀಟರ್ ನಿಲ್ಲದೆ ಈಜಬೇಕು, ಎರಡು ನಿಮಿಷ ನೀರಿನಲ್ಲಿ ತೇಲಿಕೊಂಡಿರಬೇಕು ಅನ್ನುವುದು ಇಡೀ ದೇಶ ಒಪ್ಪಿಕೊಂಡ ಅಳತೆ. ಶಾಲೆಯ ಈಜಿನ ತರಗತಿ ಎಂಟು-ಹತ್ತು ದಿನದ್ದಾದರೆ ಅಷ್ಟರಿಂದಲೇ ಇದು ಬರುವುದು ಕಷ್ಟ. ಕೆರೆ-ಬಾವಿ ಅಂದರೆ ದೂರ ಇರು ಅಂತ ಕೇಳಿ ಬೆಳೆದ ನಮ್ಮಂಥವರ ಮಕ್ಕಳಿಗೆ ಹೊರಗಿನ ಕ್ಲಾಸು ಬೇಕಾಗಬಹುದು. ಇಲ್ಲಿ ಎಲ್ಲ ಪಿಕ್‌ನಿಕ್ಕೂ ನೀರಿನ ಹತ್ತಿರವೇ.

ಭಾಷೆಯ ಮಾತು ಬಂದಾಗ ಲೆಕ್ಕ ಕೂಡುವುದೇ ಇಲ್ಲ. ಭಾಷೆಗೆ ವಾರಕ್ಕೆ 150 ನಿಮಿಷ ಕೊಡಿ, ಅದನ್ನು ವಾರದುದ್ದಕ್ಕೂ ಹಂಚಿ ಅಂತ ಇಲಾಖೆಯೇ ಸಲಹೆ ಕೊಡುತ್ತದೆ. ಇರುವ ನಾಲ್ಕು ಗಂಟೆಯಲ್ಲಿ ಎರಡೂವರೆ ಭಾಷೆಗೇ ಹೋದರೆ ಉಳಿದವರು ಏನು ಮಾಡಬೇಕು? ಹಾಗಾಗಿ ಸಿಗುವುದು ಒಂದು ಗಂಟೆ. ಏಳು ವರ್ಷ, ವರ್ಷಕ್ಕೆ 40 ವಾರ, ಒಂದೂ ತಪ್ಪದೆ ನಡೆದರೆ 280 ಗಂಟೆ. ಅಮೆರಿಕ ತನ್ನ ರಾಯಭಾರಿ ಸಿಬ್ಬಂದಿಗೆ ಭಾಷೆ ಕಲಿಸುವ ಸಂಸ್ಥೆಯ ಅಂದಾಜಿನಲ್ಲಿ, ಇಂಗ್ಲಿಷ್ ಬಲ್ಲ ದೊಡ್ಡವರಿಗೆ ಕೆಲಸಕ್ಕೆ ಆಗುವಷ್ಟು ಇಟಾಲಿಯನ್ ಬರಲು 600 ಗಂಟೆಗೂ ಜಾಸ್ತಿ ಬೇಕು, ಇಂಡೋನೇಷ್ಯನ್‌ಗೆ ಸುಮಾರು 900, ಜಪಾನೀಸ್‌ಗೂ ಚೀನೀ ಭಾಷೆಗೂ 2,200. ಅದೂ ದಿನವಿಡೀ ಅದನ್ನೇ ಕಲಿಯುವವರಿಗೆ. ವಾರಕ್ಕೊಮ್ಮೆ ಕಲಿತರೆ ಮುಂದಿನ ಮಂಗಳವಾರ ಬರುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಮಗು ಹತ್ತರವರೆಗೆ ಎಣಿಸಿ ಒಂದು ಹಾಡು ಹೇಳಿದರೆ ಟೀಚರನ್ನಾಗಲಿ ಮಗುವನ್ನಾಗಲಿ ಬೈಯಬೇಡಿ.

ಹಾಗಾದರೆ ಯಾಕೆ ಕಲಿಸುತ್ತಾರೆ? ಇಂಗ್ಲಿಷ್ ಒಂದೇ ಗೊತ್ತಿರುವ ಮನೆಯ ಮಗುವಿಗೆ ಬೇರೆ ಭಾಷೆಯೊಂದು ಬೇರೆ ರೀತಿ ಕೆಲಸ ಮಾಡುತ್ತದೆ ಅಂತ ತೋರಿಸುವುದೇ ಒಂದು ಕಲಿಕೆ. ಕನ್ನಡ ಮಾತಾಡುವ ಮಗುವಿಗೆ ಅದು ಮನೆಯಲ್ಲೇ ಗೊತ್ತು. ಜಪಾನೀಸ್‌ನಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ ಅಂದರೆ ಪಕ್ಕದಲ್ಲಿ ಕೂತ ಮಗು ಬೆರಗಾಗುತ್ತದೆ, ನಮ್ಮ ಮಗುವಿಗೆ ಅದರಲ್ಲಿ ಏನೂ ವಿಶೇಷ ಇಲ್ಲ. ಕನ್ನಡ ಬರುವುದು ಒಂದು ಅನುಕೂಲ ಅನ್ನುವುದನ್ನು ಮಗುವಿಗೆ ಒಮ್ಮೆಯಾದರೂ ಹೇಳಿ.

ಯಾವ ಶಾಲೆಗೆ ಯಾವ ಭಾಷೆ ಅನ್ನುವುದು ಸ್ವಲ್ಪ ಇತಿಹಾಸ, ಸ್ವಲ್ಪ ಟೀಚರ್ ಸಿಗುವುದರ ಮೇಲೆ ನಿಂತಿದೆ. ಎರಡನೇ ಮಹಾಯುದ್ಧದ ನಂತರ ಬಂದ ಇಟಲಿಯವರಿಂದಾಗಿ ಇಟಾಲಿಯನ್ ಬೇರೂರಿತು. ಜಪಾನೀಸ್, ಚೀನೀ, ಇಂಡೋನೇಷ್ಯನ್, ಕೊರಿಯನ್ ಭಾಷೆಗಳಿಗೆ 1990ರ ದಶಕದ ನಡುವೆ ಕೇಂದ್ರ ಸರ್ಕಾರ ದುಡ್ಡು ಹಾಕಿತು. ಸನ್ನೆ ಭಾಷೆ ಆಸ್ಲಾನ್ ಇತ್ತೀಚಿನ ವರ್ಷಗಳಲ್ಲಿ ಬಹಳ ಶಾಲೆಗಳಿಗೆ ಬಂದಿದೆ. ಕ್ರ್ಯಾನ್‌ಬರ್ನ್‌ನ ರೇಂಜ್‌ಬ್ಯಾಂಕ್ ಪ್ರೈಮರಿಯಲ್ಲಿ ಹಿಂದಿಯನ್ನೇ ಎಲ್ಲ ಮಕ್ಕಳಿಗೆ ಕಲಿಸಲು ಶುರುಮಾಡಿದರು. ಜಪಾನೀಸ್ ಟೀಚರ್ ಕೆಲಸ ಬಿಟ್ಟು ಇನ್ನೊಬ್ಬರು ಸಿಗಲಿಲ್ಲ ಅಂದರೆ ಭಾಷೆಯೇ ಬದಲಾಗಬಹುದು. ಭಾಷೆ ನಿಜವಾಗಿ ಬರಬೇಕು ಅನ್ನುವವರಿಗೆ ದ್ವಿಭಾಷಾ ಶಾಲೆಗಳಿವೆ, ಅಲ್ಲಿ ಗಣಿತವನ್ನೋ ವಿಜ್ಞಾನವನ್ನೋ ಆ ಭಾಷೆಯಲ್ಲೇ ಕಲಿಸುತ್ತಾರೆ. ಹಂಟಿಂಗ್‌ಡೇಲ್ ಪ್ರೈಮರಿ ಜಪಾನೀಸ್‌ಗೆ, ಕ್ಯಾಂಬರ್‌ವೆಲ್ ಪ್ರೈಮರಿ ಫ್ರೆಂಚ್‌ಗೆ, ಆಬಟ್ಸ್‌ಫರ್ಡ್ ಪ್ರೈಮರಿ ಚೀನೀ ಭಾಷೆಗೆ ಹೆಸರಾಗಿವೆ.

ಆರ್ಟ್ ಬಗ್ಗೆ ಕಡಿಮೆ ಹೇಳಿದರೂ ಸಾಕು, ಯಾಕಂದರೆ ಅಲ್ಲಿ ಮುಖ್ಯವಾದದ್ದು ಎರಡೇ, ರೂಮು ಮತ್ತು ಸಮಯ. ಸಿಂಕ್ ಇರುವ, ಒದ್ದೆ ಚಿತ್ರ ಒಣಗಲು ಜಾಗ ಇರುವ, ಸಾಧ್ಯವಾದರೆ ಮಣ್ಣಿನ ಗೊಂಬೆ ಸುಡುವ ಕುಲುಮೆಯೂ ಇರುವ ಒಂದು ಬೇರೆ ರೂಮು ಇದ್ದರೆ ಒಂದು ವಾರ ಶುರುಮಾಡಿದ್ದನ್ನು ಮುಂದಿನ ವಾರ ಮುಂದುವರಿಸಬಹುದು. ರೂಮು ಇಲ್ಲದೆ ಟೀಚರ್ ಟ್ರಾಲಿ ತಳ್ಳಿಕೊಂಡು ಕ್ಲಾಸಿನಿಂದ ಕ್ಲಾಸಿಗೆ ಹೋಗುವಂತಾದರೆ ಎಲ್ಲವೂ 50 ನಿಮಿಷದಲ್ಲಿ ಮುಗಿಯುವ ಕಾಗದದ ಕೆಲಸವಾಗಿಬಿಡುತ್ತದೆ. ಶಾಲೆ ನೋಡಲು ಹೋದಾಗ ಆರ್ಟ್ ರೂಮ್ ತೋರಿಸಿ ಅಂತ ಕೇಳಿ. ಗೋಡೆ ಮೇಲೆ 25 ಒಂದೇ ಥರದ ಚಿಟ್ಟೆಗಳಿದ್ದರೆ ನನಗಂತೂ ಸ್ವಲ್ಪ ಅನುಮಾನ ಬರುತ್ತದೆ.

ಇನ್ನೂ ಎರಡು ವಿಷಯ ಶಾಲೆಯನ್ನು ಕೇಳಬೇಕು. ಇಲ್ಲಿನ ಸ್ಪೆಷಲಿಸ್ಟ್‌ಗಳು ಆ ವಿಷಯದಲ್ಲಿ ತರಬೇತಿ ಪಡೆದವರಾ? ನೋಂದಾಯಿತ ಪ್ರೈಮರಿ ಟೀಚರ್ ಯಾರನ್ನು ಬೇಕಾದರೂ ಪ್ರಿನ್ಸಿಪಾಲ್ ಪಿ.ಇ.ಗೋ ಆರ್ಟ್‌ಗೋ ಹಾಕಬಹುದು, ಅವರಲ್ಲಿ ಬಹಳ ಚೆನ್ನಾಗಿ ಮಾಡುವವರೂ ಇದ್ದಾರೆ, ಆದರೂ ಕೇಳುವುದರಲ್ಲಿ ತಪ್ಪಿಲ್ಲ. ಎರಡನೆಯದು, ಕ್ಲಾಸ್ ಟೀಚರ್ ರಜೆ ಹಾಕಿ ಬದಲಿ ಟೀಚರ್ ಸಿಗದಿದ್ದರೆ ಯಾರನ್ನು ಕಳಿಸುತ್ತೀರಿ? ಎಷ್ಟೋ ಕಡೆ ಮೊದಲು ಎಳೆದುಕೊಳ್ಳುವುದು ಸ್ಪೆಷಲಿಸ್ಟನ್ನೇ. ಚಳಿಗಾಲದ ಜ್ವರದ ದಿನಗಳಲ್ಲಿ ಸಂಗೀತ ರದ್ದು, ಭಾಷೆ ರದ್ದು ಅಂತ ಮಗು ಬಂದು ಹೇಳಿದರೆ ಕಾರಣ ಸಾಮಾನ್ಯವಾಗಿ ಅದೇ.

ಆರನೇ ತರಗತಿಗೆ ಬರುವ ಮುಂಚೆ ಭಾಷೆಯ ಇನ್ನೊಂದು ತೊಡಕು ಗೊತ್ತಿರಲಿ. ಪ್ರೈಮರಿಯಲ್ಲಿ ಏಳು ವರ್ಷ ಜಪಾನೀಸ್ ಕಲಿತ ಮಗು ನಿಮ್ಮ ವಲಯದ ಹೈಸ್ಕೂಲಿಗೆ ಹೋದರೆ ಅಲ್ಲಿ ಇರುವುದು ಫ್ರೆಂಚ್ ಮತ್ತು ಜರ್ಮನ್ ಮಾತ್ರ ಆಗಿರಬಹುದು. ಜಪಾನೀಸ್ ಇದ್ದರೂ ಹೊಸಬರ ಜೊತೆ ಕೂರಿಸಿ ಮತ್ತೆ ಒಂದರಿಂದ ಎಣಿಸಲು ಹೇಳಬಹುದು. ಯಾವ ಹೈಸ್ಕೂಲ್ ನಿಮ್ಮ ವಲಯಕ್ಕೆ ಬರುತ್ತದೆ ಅನ್ನುವುದನ್ನು ಸರ್ಕಾರದ ಫೈಂಡ್ ಮೈ ಸ್ಕೂಲ್ ತಾಣದಲ್ಲಿ ವಿಳಾಸ ಹಾಕಿ ನೋಡಿ, ಅಲ್ಲಿ ಯಾವ ಭಾಷೆ ಇದೆ ಅಂತ ಐದನೇ ತರಗತಿಯಲ್ಲೇ ಫೋನ್ ಮಾಡಿ ಕೇಳಿ. ಕಲಿತದ್ದನ್ನು ಬಿಡಬಾರದು ಅಂದರೆ ವಿಕ್ಟೋರಿಯನ್ ಸ್ಕೂಲ್ ಆಫ್ ಲ್ಯಾಂಗ್ವೇಜಸ್ ಇದೆ. 1935ರಲ್ಲಿ ಶನಿವಾರದ ತರಗತಿಯಾಗಿ ಶುರುವಾದ ಸರ್ಕಾರಿ ಶಾಲೆ ಅದು, ಈಗಲೂ ಶನಿವಾರ ಪಾಠ ಮಾಡುತ್ತಾರೆ. ಸಮಸ್ಯೆ ಏನಂದರೆ ವಾರಾಂತ್ಯದ ಕನ್ನಡ ಶಾಲೆ, ಕ್ರಿಕೆಟ್, ಈಜು ಇವುಗಳಿಗೆಲ್ಲ ಇರುವುದೂ ಅದೇ ಶನಿವಾರ-ಭಾನುವಾರ. ಆ ಟೈಮ್‌ಟೇಬಲ್ ಮಾತ್ರ ನೀವೇ ಹಾಕಿಕೊಳ್ಳಬೇಕು.